ಕಡೀ ಅಕ್ಷರದ ಕೊಂಡಿ

ಬೀದಿಯಲ್ಲಿ ನಡೆಯುವಾಗ ಕೆಲವರಿಗೆ ಪರಿಚಯದವರ ಮುಖ ಕಾಣುತ್ತದೆ, ಕೆಲವರಿಗೆ ಭಜಿಯ ಬಾಣಲೆ ಕಾಣುತ್ತದೆ. ನನಗೆ ಮಾತ್ರ ಬೋರ್ಡು ಕಾಣುತ್ತದೆ. ಬೋರ್ಡಿನಲ್ಲೂ ಅದರಲ್ಲಿರುವ ತಪ್ಪು ಮೊದಲು ಕಾಣುತ್ತದೆ, ಅಂಗಡಿ ಯಾವುದೆಂಬುದು ಆಮೇಲೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವನಿಗೆ ಬರುವ ಕಾಯಿಲೆ ಇದು, ಇದಕ್ಕೆ ಔಷಧವಿಲ್ಲ. ನಮ್ಮ ಓಣಿಯ ದರ್ಜಿಯ ಅಂಗಡಿಯ ಮೇಲೆ 'ಹರಿದ ಬಟ್ಟೆ ಹೊಲಿದು ಕೊಲ್ಲಲಾಗುವುದು' ಎಂದು ಎರಡು ವರ್ಷ ಬರೆದಿತ್ತು. 'ಕೊಡಲಾಗುವುದು' ಎಂದು ತಿದ್ದಿಸಲು ನಾನು ಅಲೆದ ಅಲೆದಾಟ ದೇವರಿಗೇ ಗೊತ್ತು. ಇನ್ನೊಂದು ಕಡೆ 'ಶುದ್ದ ಹಾಲು' ಎಂದಿತ್ತು. "ಶುದ್ಧದಾಗ ಮಹಾಪ್ರಾಣ ಇಲ್ಲಂದಮ್ಯಾಲ ಹಾಲಿನ್ಯಾಗ ಹಾಲರ ಹೆಂಗ ಇರತೈತಿ?" ಎಂದು ಕೇಳಿದ್ದಕ್ಕೆ ಆ ಹಾಲಿನವನು ಮಾರನೆಯ ದಿನದಿಂದ ನಮಗೆ ಹಾಲು ಹಾಕುವುದನ್ನೇ ಬಿಟ್ಟ. ನನ್ನ ಹೆಂಡತಿ ಪೇಟೆಗೆ ನನ್ನ ಜೊತೆ ಬರುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. "ನಿಮ್ಮ ಸಂಗತೀ ಬದನೀಕಾಯಿ ತರಾಕ ಹೋದ್ರ, ಬದನೀಕಾಯಿ ಬಿಟ್ಟು ಬರೇ ವ್ಯಾಕರಣ ತಗೊಂಡ ಬರಬೇಕಾಗತೈತಿ" ಎನ್ನುತ್ತಾಳೆ.

ಇಷ್ಟು ವರ್ಷಗಳಲ್ಲಿ ನಾನು ಎಷ್ಟು ಕೆಂಪು ಪೆನ್ನು ಖಾಲಿ ಮಾಡಿದ್ದೇನೋ ಲೆಕ್ಕವಿಲ್ಲ. ಆದರೆ ತಿದ್ದಿದ್ದೆಲ್ಲ ಎಲ್ಲಿ ಹೋಯಿತು? ಹುಡುಗರ ನೋಟುಬುಕ್ಕುಗಳು ರದ್ದಿಗೆ ಹೋದವು, ಹುಡುಗರು ತಮ್ಮ ತಮ್ಮ ಉದ್ಯೋಗಕ್ಕೆ ಹೋದರು, ಹೋಗಿ ಮತ್ತೆ ತಪ್ಪೇ ಬರೆಯುತ್ತಿದ್ದಾರೆ. ಬರುವ ವರ್ಷ ನನ್ನ ನಿವೃತ್ತಿ. ಹಾರ ಹಾಕಿ, ಶಾಲು ಹೊದಿಸಿ, ಕೈಯಲ್ಲಿ ಒಂದು ಗಡಿಯಾರ ಕೊಟ್ಟು ಮನೆಗೆ ಕಳಿಸುತ್ತಾರೆ. ಅಷ್ಟರೊಳಗೆ ಈ ಊರಲ್ಲಿ ನನ್ನದು ಅನ್ನುವ ಒಂದೇ ಒಂದು ತಿದ್ದುಪಡಿಯಾದರೂ ಎಲ್ಲರ ಕಣ್ಣಿಗೆ ಬೀಳುವ ಹಾಗೆ ನಿಲ್ಲಬೇಕು ಎಂಬ ಆಸೆ ಒಳಗೊಳಗೇ ಕೊರೆಯುತ್ತಿತ್ತು. ಈ ಆಸೆಯನ್ನು ನಾನು ಯಾರ ಮುಂದೆಯೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾರೆ. ನೀವು ನಗುವುದಿಲ್ಲವೆಂಬ ಧೈರ್ಯದ ಮೇಲೆ ಹೇಳುತ್ತಿದ್ದೇನೆ.

ನಮ್ಮ ಊರು ಗೋಕಾಕ. ಊರಿನ ಅಭಿಮಾನದ ಮಾತು ಬಂದರೆ ನಮ್ಮ ಮನೆ ಮನೆಯಾಗಿ ಉಳಿಯುವುದಿಲ್ಲ, ಮೂರು ತಾಲೂಕುಗಳ ಗಡಿಯಾಗಿಬಿಡುತ್ತದೆ. ನನ್ನ ಹೆಂಡತಿ ಸುವರ್ಣಾ ಹುಕ್ಕೇರಿ ತಾಲೂಕಿನ ಸಂಕೇಶ್ವರದವಳು. ಮದುವೆಯಾಗಿ ಗೋಕಾಕದ ನೀರು ಕುಡಿಯಲು ಹತ್ತಿ ಇಪ್ಪತ್ತೆಂಟು ವರ್ಷವಾದರೂ ಆಕೆಗೆ 'ನಮ್ಮೂರು' ಎಂದರೆ ಸಂಕೇಶ್ವರವೇ. "ನಮ್ಮೂರಾಗ ಹೈವೇ ಐತ್ರಿ. ಬಸ್ ಹತ್ತಿ ಕಣ್ಣ ಮುಚ್ಚಿ ತಗಿಯೂದರಾಗ ಕೊಲ್ಲಾಪುರ" ಎಂದು ಹೇಳುವಾಗ ಆಕೆಯ ಮುಖ ನೋಡಬೇಕು, ಹೈವೇಯನ್ನು ಅವರಪ್ಪನೇ ಹಾಕಿಸಿದ ಹಾಗಿರುತ್ತದೆ. "ಹೈವೇ ಇರೂದು ಊರ ಬಿಟ್ಟ ಹೋಗಾಕ. ನಮ್ಮೂರಿಗೆ ಮಂದಿ ಬರತಾರ" ಎಂದು ನಾನು. "ಬರತಾರ, ಖರೇ. ಬಂದು ಒಣಾ ಬಂಡಿ ನೋಡಿ ಹೊಳ್ಳಿ ಹೋಗತಾರ" ಎಂದು ಆಕೆ. ಬಂಡಿ ಎಂದರೆ ಬಂಡೆ, ಬಂಡೆ ಎಂದರೆ ನಮ್ಮ ಜಲಪಾತ. ಅದರ ಕತೆ ಆಮೇಲೆ ಹೇಳುತ್ತೇನೆ. ಇನ್ನು ನನ್ನ ಅಕ್ಕ ಗಂಗಕ್ಕನನ್ನು ಕೊಟ್ಟಿದ್ದು ಮೂಡಲಗಿಗೆ. ಮೂಡಲಗಿ ನಮ್ಮ ತಾಲೂಕಿನಲ್ಲಿ ಇರುವ ತನಕ ಅಕ್ಕ ಸುಮ್ಮನಿದ್ದಳು. ಅದು ಬೇರೆ ತಾಲೂಕಾದದ್ದೇ ತಡ, ಆಕೆಯ ಗತ್ತೇ ಬದಲಾಯಿತು. ಮೊದಲೆಲ್ಲ ತವರಿಗೆ ಬಂದರೆ ಅಡುಗೆಮನೆಗೆ ನುಗ್ಗಿ ರೊಟ್ಟಿ ಬಡಿಯುತ್ತಿದ್ದವಳು, ಈಗ ಪಡಸಾಲೆಯ ಕುರ್ಚಿಯ ಮೇಲೆ ಕುಳಿತು, "ಪರ ತಾಲೂಕಿಂದ ಬಂದೇನಪಾ, ನೀವ ಚಾ ಮಾಡ್ರಿ" ಎನ್ನುತ್ತಾಳೆ.

ಜಲಪಾತದ ಕತೆ ಎಂದೆನಲ್ಲ. ಗೋಕಾಕದಲ್ಲಿ ಮನೆ ಮಾಡಿದವನು ಸಂಬಳವಿಲ್ಲದೆ ಫಾಲ್ಸಿನ ಕಾರಕೂನನೂ ಆಗಬೇಕಾಗುತ್ತದೆ. ಯಾವ ಊರಿನ ನೆಂಟರು ಫೋನು ಮಾಡಿದರೂ 'ಆರಾಮ ಇದ್ದೀರಾ' ಎಂದು ಕೇಳುವುದಿಲ್ಲ, "ಫಾಲ್ಸಿಗೆ ನೀರು ಬಿಟ್ಟಾರೇನ್ರಿ?" ಎಂದೇ ಕೇಳುತ್ತಾರೆ. ನಲ್ಲಿಗೆ ನೀರು ಬಿಡುವ ಹಾಗೆ ಅದಕ್ಕೂ ಯಾರೋ ಬಿಡುತ್ತಾರೆಂದು ಅವರ ಲೆಕ್ಕ. ಮಳೆಗಾಲದಲ್ಲಿ ನಮ್ಮ ಫಾಲ್ಸು ಅಬ್ಬರಿಸುವುದನ್ನು ನೋಡಬೇಕು, ನಯಾಗರವೆಲ್ಲ ಅದರ ಮುಂದೆ ಏನೂ ಅಲ್ಲ. ನಯಾಗರ ನಾನು ನೋಡಿಲ್ಲ, ಅದು ಬೇರೆ ಮಾತು. ಆದರೆ ಚಳಿಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಉಳಿಯುವುದು ಬಂಡೆ, ಮಂಗ ಮತ್ತು ಹುರಿದ ಶೇಂಗಾ. ಒಮ್ಮೆ ಏಪ್ರಿಲ್ ತಿಂಗಳಲ್ಲಿ ಗಂಗಕ್ಕನ ಬೀಗರು ಮಸಗುಪ್ಪಿಯಿಂದ ಗಾಡಿ ಮಾಡಿಕೊಂಡು ಬಂದರು. ಬಂಡೆ ತೋರಿಸಿ ಕಳಿಸುವುದು ಹೇಗೆಂದು ನಾಚಿಕೆಯಾಗಿ, ನಮ್ಮೂರಿನ ಕಟ್ಟಿಗೆಯ ಆಟಿಕೆಗಳನ್ನಾದರೂ ನೋಡಲಿ ಎಂದು ಮನೆಯಲ್ಲಿದ್ದ ಕಟ್ಟಿಗೆಯ ಹಣ್ಣುಗಳ ಬುಟ್ಟಿಯನ್ನು ಮುಂದಿಟ್ಟೆ. ನಮ್ಮವರು ಬಣ್ಣ ಹಚ್ಚಿದರೆ ಗಿಳಿ ಕೂಡ ಮೋಸ ಹೋಗಬೇಕು. ಬೀಗರು ಪೇರಲ ಹಣ್ಣು ಎತ್ತಿಕೊಂಡವರೇ ಕಚ್ಚಿಬಿಟ್ಟರು! ಹಲ್ಲಿಗೇನೂ ಆಗಲಿಲ್ಲ, ಸಂಬಂಧಕ್ಕೂ ಏನೂ ಆಗಲಿಲ್ಲ, ಆದರೆ ಮೂಡಲಗಿ ಕಡೆ ಇಂದಿಗೂ ಗೋಕಾಕದವರು ನೆಂಟರಿಗೆ ಕಟ್ಟಿಗೆ ತಿನ್ನಿಸುತ್ತಾರೆ ಎಂಬ ಸುದ್ದಿ ಇದೆ.

ಹೀಗೆ ಊರಿನ ಮಾನ ಮೂರಾಬಟ್ಟೆಯಾಗುತ್ತಿರುವಾಗ, ಪೇಟೆಯ ವ್ಯಾಪಾರಸ್ಥರೆಲ್ಲ ಸೇರಿ ಮೂರು ದಿನದ ಊರಹಬ್ಬ ಮಾಡಬೇಕೆಂದು ನಿರ್ಧರಿಸಿದರು. ಹೊರಗಿನವರು ಬರಬೇಕು, ಪೇಟೆ ಬೆಳಗಬೇಕು, ಗೋಕಾಕ ಎಂದರೆ ಏನೆಂದು ನಾಲ್ಕು ಊರಿಗೆ ಗೊತ್ತಾಗಬೇಕು. ಸಮಿತಿಗೆ ಅಧ್ಯಕ್ಷರು ನಮ್ಮ ಡಾಕ್ಟರಮ್ಮ ಸುಜಾತಾ. ಅವರು ನಾಗನೂರಿನವರು, ಹೊಲದ ಕೆಲಸಕ್ಕೆ ಹೋಗುತ್ತಿದ್ದ ಮನೆಯಿಂದ ಓದಿ ಬಂದವರು, ಊರಿನ ಅರ್ಧದಷ್ಟು ಮಕ್ಕಳು ಹುಟ್ಟಿದ್ದು ಅವರ ಕೈಯಲ್ಲೇ. ಹಾಗಾಗಿ ಅವರು "ಸುಮ್ಮ ಕುಂಡರ್ರಿ" ಎಂದರೆ ಎಂಥ ಮುಖಂಡನೂ ಕೂರುತ್ತಾನೆ. ಕನ್ನಡದ ಕೆಲಸವಿರುತ್ತದೆ ಎಂದು ನನ್ನನ್ನೂ ಸಮಿತಿಗೆ ಸೇರಿಸಿದರು. ಕನ್ನಡದ ಕೆಲಸ ಎಂದರೆ ನಿರೂಪಣೆಗೆ ಚೀಟಿ ಬರೆದುಕೊಡುವುದು ಎಂದು ಅವರು ತಿಳಿದಿದ್ದರು. ನಾನು ಹಾಗೆ ತಿಳಿದಿರಲಿಲ್ಲ.

ಮೊದಲನೆಯ ಸಭೆಯಲ್ಲಿ ಹಬ್ಬ ಯಾವಾಗ ಎಂಬ ಚರ್ಚೆಯೇ ಮುಗಿಯಲಿಲ್ಲ. ಮಳೆಗಾಲದಲ್ಲಿ ಮಾಡಿದರೆ ಫಾಲ್ಸಿನಲ್ಲಿ ನೀರಿರುತ್ತದೆ. ಆದರೆ ಫಾಲ್ಸು ಚಂದ ಕಾಣುವಷ್ಟು ನೀರು ಬಂದರೆ ಘಟಪ್ರಭೆ ಪೇಟೆಗೂ ಬಂದುಬಿಡುತ್ತಾಳೆ, ಹಬ್ಬ ನೋಡಲು ಬಂದವರಿಗಿಂತ ಮೊದಲು ಆಕೆಯೇ ಅಂಗಡಿ ಹೊಗುತ್ತಾಳೆ. ಚಳಿಗಾಲದಲ್ಲಿ ಮಾಡಿದರೆ ಪೇಟೆ ಒಣಗಿರುತ್ತದೆ, ಫಾಲ್ಸೂ ಒಣಗಿರುತ್ತದೆ. ಒಬ್ಬರು ಎದ್ದು, "ಫಾಲ್ಸಿಂದ ದೊಡ್ಡ ಫೋಟೊ ಹಚ್ಚೂಣ, ಅದರ ಮುಂದ ನಿಂತ ಫೋಟೊ ತಗೋಲಿ" ಎಂದರು. ಫೋಟೊದ ಫೋಟೊ ತೆಗೆಯಲು ಹೊರಗಿನವರು ಯಾಕೆ ಬರಬೇಕು ಎಂದು ಇನ್ನೊಬ್ಬರು. ಕೊನೆಗೆ ಕರದಂಟಿನ ಅಂಗಡಿಯ ಈರಪ್ಪಣ್ಣ ಎದ್ದರು. ಅಂಟು, ಬೆಲ್ಲ, ಕೊಬ್ಬರಿ, ಉತ್ತತ್ತಿ ಸೇರಿಸಿ ಮಾಡುವ ನಮ್ಮ ಕರದಂಟಿನ ಪ್ರಚಾರಕ್ಕೆ ಬೇರೆ ಬೋರ್ಡೇ ಬೇಡ, ಈರಪ್ಪಣ್ಣನವರ ಮೈಕಟ್ಟೇ ಸಾಕು. "ನೀರು ಬರತೈತಿ ಹೋಗತೈತಿ. ಕರದಂಟು ಹನ್ನೆರಡೂ ತಿಂಗಳ ಇರತೈತಿ. ಗೋಕಾಕ ಅಂದ್ರ ಕರದಂಟು, ಮುಗೀತು" ಎಂದು ಮೇಜು ಗುದ್ದಿದರು. ಚಳಿಗಾಲವೇ ಸರಿ ಎಂದಾಯಿತು. ಪೇಟೆಯ ಚೌಕದಲ್ಲಿ ಆಳೆತ್ತರದ ಕಬ್ಬಿಣದ ಅಕ್ಷರಗಳಲ್ಲಿ ಊರಿನ ಹೆಸರು ನಿಲ್ಲಿಸಿ ದೀಪ ಹಾಕಿಸುವುದು, ಮಂದಿ ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುವುದು ಎಂದೂ ಆಯಿತು. ಅಕ್ಷರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ನೆಟ್ಟಗೆ ಕುಳಿತೆ.

"ಅಕ್ಷರ ಹೆಂಗ ಬರಸ್ತೀರಿ?" ಎಂದು ಕೇಳಿದೆ.

ಈರಪ್ಪಣ್ಣ ತಮ್ಮ ಕರದಂಟಿನ ಡಬ್ಬಿಯನ್ನೇ ಮೇಜಿನ ಮೇಲಿಟ್ಟರು. "ಹಿಂಗ." ಡಬ್ಬಿಯ ಮೇಲೆ ಬಂಗಾರದ ಬಣ್ಣದಲ್ಲಿ 'ಗೋಕಾಕ್' ಎಂದಿತ್ತು.

ನನ್ನ ಮೈಯೆಲ್ಲ ಉರಿದುಹೋಯಿತು. ಕೊನೆಯ 'ಕ'ದ ತಲೆಯ ಮೇಲೆ ಕುಳಿತ ಆ ಕೊಂಡಿಯನ್ನು ನೋಡಿದರೆ ನನಗೆ ಆಗುವ ಸಂಕಟ ಬೇರೆಯವರಿಗೆ ಅರ್ಥವಾಗುವುದಿಲ್ಲ. ಹುಟ್ಟಿದಾಗಿನಿಂದ ಗೋಕಾಕ, ಅಜ್ಜ ಮುತ್ತಜ್ಜರ ಬಾಯಲ್ಲಿ ಗೋಕಾಕ, ಕೊಂಡಿ ಯಾವಾಗ ಬಂದು ಕುಳಿತಿತು? ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಬರೆಯುವವರು ತಂದಿಟ್ಟದ್ದು ಅದು. "ಊರಿನ ಹೆಸರಿನ ಉಸರ ಕಟ್ಟೀರಲ್ರೀ! ಪೂರ್ತಿ ಅಕ್ಷರಾನ ಅರ್ಧಾ ಮಾಡಿ ಇಟ್ಟೀರಿ!" ಎಂದು ಕೂಗಿದೆ. "ಮಾಸ್ತರ, ಈಗ ಎಲ್ಲಾರೂ ಹಿಂಗ ಬರೀತಾರ. ಇದು ಸ್ಟೈಲ್. ಹೊರಗಿನ ಮಂದಿಗೆ ತಿಳೀಬೇಕಲ್ಲ" ಎಂದು ಈರಪ್ಪಣ್ಣ. "ಹೊರಗಿನ ಮಂದಿಗೆ ತಿಳೀಲಿ ಅಂತ ನಿಮ್ಮ ಹೆಸರನ್ನೂ ಈರಪ್ಪ್ ಅಂತ ಬರಸ್ತೀರೇನು?" ಎಂದು ನಾನು. ಸಭೆ ನಕ್ಕಿತು, ಈರಪ್ಪಣ್ಣ ಕೆಂಪಾದರು. ಅಲ್ಲಿಂದ ಮೂರು ಸಭೆ ನಡೆದವು. ಪಾರ್ಕಿಂಗು, ಕುಡಿಯುವ ನೀರು, ಕುಸ್ತಿಯ ಕಣ, ಎಲ್ಲವೂ ಹತ್ತು ಹತ್ತು ನಿಮಿಷದಲ್ಲಿ ತೀರ್ಮಾನವಾದವು. ಕೊಂಡಿಯೊಂದೇ ತೀರ್ಮಾನವಾಗಲಿಲ್ಲ. ಊರಿನಲ್ಲಿ ಕೊಂಡಿ ಪಾರ್ಟಿ, ಬೋಳು ಪಾರ್ಟಿ ಎಂದು ಎರಡು ಪಾರ್ಟಿಗಳಾದವು. ನನಗೆ ತಲೆಯ ಮೇಲೆ ಕೂದಲಿಲ್ಲದ್ದರಿಂದ ಬೋಳು ಪಾರ್ಟಿಯ ನಾಯಕತ್ವ ತಾನಾಗಿಯೇ ಬಂತು.

ಮನೆಯಲ್ಲೂ ನೆಮ್ಮದಿಯಿಲ್ಲ. "ಕೊಂಡಿ ಇದ್ರೇನು, ಬಿಟ್ರೇನು? ನಮ್ಮ ಸಂಕೇಶ್ವರಕ್ಕ ಕೊಂಡಿನೂ ಇಲ್ಲ, ಜಗಳಾನೂ ಇಲ್ಲ" ಎಂದು ಸುವರ್ಣಾ. ಗಂಗಕ್ಕ ಮೂಡಲಗಿಯಿಂದ ಫೋನು ಮಾಡಿ, "ತಮ್ಮಾ, ನಿಮ್ಮೂರಿಗೆ ಹೆಸರ ಬರಿಯಾಕ ಬರವಲ್ದಂತಲ್ಲ? ಬೇಕಾದ್ರ ನಮ್ಮ ತಾಲೂಕಿಂದ ಯಾರನ್ನಾದ್ರೂ ಕಳಸೂಣೇನು?" ಎಂದು ಕೇಳಿದಳು. ನಾನು ಆ ರಾತ್ರಿ ಊಟ ಬಿಟ್ಟೆ ಎಂದು ಹೇಳಬೇಕೆಂದಿದ್ದೆ. ಆದರೆ ಅಂದು ಸುವರ್ಣಾ ಎಣ್ಣೆಗಾಯಿ ಮಾಡಿದ್ದಳು, ಬಿಡಲಾಗಲಿಲ್ಲ.

ಕೊನೆಯ ಸಭೆಯಲ್ಲಿ ಡಾಕ್ಟರಮ್ಮನ ತಾಳ್ಮೆ ಮುಗಿಯಿತು. ಅವರು ಈರಪ್ಪಣ್ಣನ ಕಡೆ ತಿರುಗಿ, ಹೊಟ್ಟೆನೋವು ಎಲ್ಲಿ ಎಂದು ಕೇಳುವ ದನಿಯಲ್ಲೇ ಕೇಳಿದರು: "ನೀವು ಮಾಲು ತರಾಕ ಹುಕ್ಕೇರಿಗೆ ಹೋಗಿರತೀರಿ ಅಂತ ತಿಳೀರಿ. ಅಲ್ಲಿಂದ ಮನಿಗೆ ಫೋನ್ ಮಾಡಿ ಏನಂತೀರಿ?"

"ಏನಂತೀನ್ರಿ, ಸಂಜೀಕ ಗೋಕಾಕಕ್ಕ ಬರತೇನಿ, ಅಡಗಿ ಮಾಡಿಡು ಅಂತೀನಿ."

"ಗೋಕಾಕ್‌ಗೆ ಬರತೇನಿ ಅನ್ನಂಗಿಲ್ಲಾ?"

"ಛೇ ಛೇ! ಹಂಗಂದ್ರ ಮನ್ಯಾಗ ಬಾಗಲಾ ತಗಿಯಂಗಿಲ್ರಿ. ಯಾವನೋ ಪರದೇಶದಾಂವ ಫೋನ್ ಮಾಡ್ಯಾನ ಅಂತಾರ" ಎಂದರು ಈರಪ್ಪಣ್ಣ. ಎಂದವರೇ ನಾಲಿಗೆ ಕಚ್ಚಿಕೊಂಡರು. ಆದರೆ ಹೊತ್ತು ಮೀರಿತ್ತು. ಸಭೆಯಲ್ಲಿ ಬೋಳು ಪಾರ್ಟಿಯವರು ಕುರ್ಚಿ ಬಡಿದು ಚಪ್ಪಾಳೆ ತಟ್ಟಿದರು. ಡಾಕ್ಟರಮ್ಮ, "ಬಾಯಾಗ ಇಲ್ಲದ ಕೊಂಡಿ ಬೋರ್ಡಿನ ಮ್ಯಾಲ ಯಾಕ? ತಗೀರಿ. ಮಾಸ್ತರ, ನೀವ ಇಮಾಮಸಾಬಗ ಹೇಳಿಬಿಡ್ರಿ" ಎಂದರು. ನನಗೆ ಆದ ಸಂತೋಷ ಹೇಗೆ ಹೇಳಲಿ! ಮೂವತ್ತು ವರ್ಷಕ್ಕೆ ಮೊದಲನೆಯ ಸಲ ನನ್ನ ಕೆಂಪು ಪೆನ್ನಿನ ಮಾತನ್ನು ಇಡೀ ಊರು ಒಪ್ಪಿತ್ತು. ಬರುವಾಗ ಈರಪ್ಪಣ್ಣನ ಅಂಗಡಿಯ ಮುಂದೆಯೇ ಎರಡು ಸಲ ಸುಮ್ಮನೆ ಸುಳಿದಾಡಿ ಬಂದೆ. ಅಷ್ಟು ಸಣ್ಣತನ ನನಗಿದೆ, ಮುಚ್ಚಿಡುವುದಿಲ್ಲ.

ಇಮಾಮಸಾಬ ವೆಲ್ಡಿಂಗ್ ಕೆಲಸದವನು, ಅಕ್ಷರಗಳನ್ನು ಮಾಡಿದವನು ಅವನೇ. ನನ್ನ ಕೈಕೆಳಗೇ ಓದಿದವನು, ಈಗ ಅವನಿಗೂ ಮೀಸೆ ಬೆಳ್ಳಗಾಗುತ್ತಿದೆ. ನಾವು ಜಗಳವಾಡುತ್ತಿರುವಾಗಲೇ ಅವನು ಈರಪ್ಪಣ್ಣನ ಡಬ್ಬಿ ನೋಡಿಕೊಂಡು ಕೊಂಡಿಸಹಿತ ಅಕ್ಷರ ಮಾಡಿ ಚೌಕದಲ್ಲಿ ನಿಲ್ಲಿಸಿಯೂ ಆಗಿತ್ತು. 'ಕ'ವನ್ನು ತಲೆಕಟ್ಟಿನ ಸಮೇತ ಪೂರ್ತಿ ಮಾಡಿ, ಕೊಂಡಿಯನ್ನು ಮಾತ್ರ ಬೇರೆಯಾಗಿ ಅಂಟಿಸಿದ್ದನಾದ್ದರಿಂದ ಅದನ್ನು ಕತ್ತರಿಸಿದರೆ ಕೆಲಸ ಮುಗಿಯುತ್ತಿತ್ತು. ಹಬ್ಬದ ಹಿಂದಿನ ದಿನ ಶಾಲೆಯಿಂದಲೇ ಅವನಿಗೆ ಫೋನು ಮಾಡಿದೆ. ಅವನು ಅಕ್ಷರಗಳ ಹಿಂಬದಿಯಲ್ಲಿ ಕುಳಿತು ದೀಪದ ತಂತಿ ಜೋಡಿಸುತ್ತಿದ್ದ. ಸುತ್ತ ಬಸ್ಸುಗಳ ಹಾರ್ನು.

ಇಲ್ಲಿ ನಿಮಗೆ ಒಂದು ಮಾತು ಹೇಳಬೇಕು. ಪುಸ್ತಕದ ಕನ್ನಡದಲ್ಲಿ 'ಕೊನೆಯ ಅಕ್ಷರ' ಎಂದಿದ್ದರೆ ಈ ಪ್ರಬಂಧವೇ ಹುಟ್ಟುತ್ತಿರಲಿಲ್ಲ. ಆದರೆ ಅಂದು ನನಗೆ ನಮ್ಮ ಮಾತಿನ ಮೇಲೆ ಉಕ್ಕಿ ಬಂದ ಪ್ರೀತಿ ಅಂಥದ್ದು, ಶಿಷ್ಯನ ಜೊತೆ ಅಪ್ಪಟ ಗೋಕಾಕದ ಮಾತೇ ಆಡಿದೆ. ನಮ್ಮಲ್ಲಿ ಕೊನೆ ಎಂಬುದಕ್ಕೂ ಕಡಿ, ಪಕ್ಕ ಎಂಬುದಕ್ಕೂ ಕಡಿ, ಕತ್ತರಿಸು ಎಂಬುದಕ್ಕೂ ಕಡಿ.

"ಇಮಾಮ, ಆ ಕಡೀ ಅಕ್ಷರಕ್ಕ ಒಂದು ಕೊಂಡಿ ಐತಲ್ಲ, ಅದು ತಪ್ಪೈತಿ. ಅದನ್ನ ಕಡದ ಒಗಿ."

"ಆ ಕಡೀದಾ ಸರ? ಈ ಕಡೀದಾ?"

"ಆ ಕಡೀದೋ ಮಾರಾಯಾ!"

"ಅದು ದೊಡ್ಡದೈತಲ್ರಿ ಕೊಂಡಿ? ಕಡೀಲಿ?"

"ದೊಡ್ಡದೇನು ಸಣ್ಣದೇನು, ತಪ್ಪು ತಪ್ಪ! ಕಡಿ ಅಂದ್ರ ಕಡಿ!"

"ಆತ್ರಿ ಸರ. ನೀವು ಹೇಳತೀರಂದ್ರ ಮುಗೀತು."

ಫೋನಿಟ್ಟು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ನನ್ನ ಕೈಯಿಂದ ಚಹ ಕುಡಿಸಿದೆ.

ಹಬ್ಬದ ದಿನ ಸಂಜೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಒಂದು ತಾಸು ಮೊದಲೇ ಚೌಕಕ್ಕೆ ಹೋದೆ. ಅಕ್ಷರಗಳಿಗೆ ಹಳದಿ ಬಟ್ಟೆ ಹೊದಿಸಿದ್ದರು. ತಡೆಯಲಾರದೆ ಹಿಂದಿನಿಂದ ಬಟ್ಟೆ ಸರಿಸಿ ಒಳಗೆ ತಲೆ ಹಾಕಿದೆ. ಕೊನೆಯ 'ಕ'ದ ಮೇಲೆ ಕೊಂಡಿ ಹಾಗೆಯೇ ಮೆರೆಯುತ್ತಿತ್ತು. ಹಾಗಾದರೆ ಇವನು ಕಡಿದದ್ದು ಏನನ್ನು ಎಂದು ಈ ತುದಿಗೆ ಬಂದು ನೋಡುತ್ತೇನೆ, ಮೊದಲನೆಯ ಅಕ್ಷರದ ಪಕ್ಕದಲ್ಲಿ ಆಳೆತ್ತರಕ್ಕೆ ನಿಂತಿರಬೇಕಾಗಿದ್ದ ದೀರ್ಘವೇ ಇಲ್ಲ! ಗೋ ಹೋಗಿ ಗೊ ಆಗಿತ್ತು. 'ಗೊಕಾಕ್'! ಆ ಕಡೆ ಇದ್ದ ತಪ್ಪು ಆ ಕಡೆ ಇದ್ದೇ ಇತ್ತು, ಈ ಕಡೆ ಸರಿಯಿದ್ದದ್ದೂ ಹೋಗಿತ್ತು. ನನ್ನ ಮೂವತ್ತು ವರ್ಷದ ಮೊದಲ ತಿದ್ದುಪಡಿ ಇದು.

"ಇಮಾಮಾ!" ಎಂದು ನಾನು ಕಿರುಚಿದ್ದಕ್ಕೆ ಅವನು ದೀಪದ ಸ್ವಿಚ್ಚು ಬಿಟ್ಟು ಓಡಿ ಬಂದ. "ನಾ ಹಿಂದ ಕುಂತಿದ್ನಿ ಸರ, ಈ ಕಡಿ ಕ ಇತ್ತು, ಆ ಕಡಿ ಗೋ ಇತ್ತು. ನೀವು ಆ ಕಡೀದ ಅಂದ್ರಿ" ಎಂದ. "ಕಡದಮ್ಯಾಲ ಮುಂದ ಬಂದ ಓದಿ ನೋಡಲಿಲ್ಲೇನೋ?" ಎಂದರೆ, "ನೋಡಿದ್ನಿ ಸರ. ತಪ್ಪಾತು ಅಂತ ಅನಸ್ತು" ಎಂದ. "ಮತ್ತ ಒಂದ ಫೋನ್ ಮಾಡಿ ಕೇಳಾಕೇನಾಗಿತ್ತು?" ಅವನು ನೆಲ ನೋಡುತ್ತ, "ಸಾಲ್ಯಾಗ ನೀವು ಹೇಳಿದ್ದನ್ನ ತಿರುಗಿ ಕೇಳಿದ್ರ ಬೈತಿದ್ರಿ ಸರ. ನಿಮಗ ಬರೋಬ್ಬರಿ ಗೊತ್ತಿರತೈತಿ ಅಂತ ಸುಮ್ಮಾದ್ನಿ" ಎಂದ.

ಅವನು ಒಳ್ಳೆಯವನು, ಅಲ್ಲಿಯೇ ಗರಗಸ ತಂದು ಬಟ್ಟೆಯೊಳಗೆ ಕುಳಿತು ಹತ್ತು ನಿಮಿಷದಲ್ಲಿ 'ಕ'ದ ಕೊಂಡಿ ಕೊಯ್ದು ತೆಗೆದ. ಆದರೆ ನಿನ್ನೆ ಕಡಿದ ದೀರ್ಘವನ್ನು ಮತ್ತೆ ಅಂಟಿಸುವುದು ಹೇಗೆ? "ದೀರ್ಘ ಅಂಗಡ್ಯಾಗ ಐತ್ರಿ ಸರ. ಆದ್ರ ಇಷ್ಟ ಮಂದ್ಯಾಗ ವೆಲ್ಡಿಂಗ್ ಮಾಡಾಕ ಬರಂಗಿಲ್ಲ, ಕಿಡಿ ಹಾರತಾವು. ನಾಳಿ ಹೊತ್ತ ಹೊಂಡೂದರಾಗ ಹಚ್ಚಿಬಿಡ್ತೇನಿ. ಇವತ್ತೊಂದಿನ ಯಾರೂ ನೋಡಂಗಿಲ್ಲ ಬಿಡ್ರಿ" ಎಂದ. ಯಾರೂ ನೋಡುವುದಿಲ್ಲವಂತೆ! ನಾನು ಮನಸ್ಸಿನಲ್ಲೇ ಓದಿ ನೋಡಿದೆ: ಗೊಕಾಕ. ಗೊ ಎಂದರೆ ಗೊಂದಲ, ಗೊ ಎಂದರೆ ಗೊಣಗಾಟ, ಗೊ ಎಂದರೆ ಗೊರಕೆ. ಕೊಂಡಿ ಪಾರ್ಟಿಯವರ ಕಣ್ಣಿಗೆ ಬಿದ್ದರೆ ಮುಗಿಯಿತು, ಈರಪ್ಪಣ್ಣ ಬಿಡುತ್ತಾರೆಯೇ? ಇನ್ನು ಮೂಡಲಗಿಯವರು? ಸಂಕೇಶ್ವರದವರು? ಓಡಿಹೋಗಿ ಮನೆ ಸೇರೋಣವೆನ್ನಿಸಿತು. ಅಷ್ಟರಲ್ಲಿ ಡೊಳ್ಳಿನವರು ಬಂದರು, ಅವರ ಹಿಂದೆ ಊರೆಲ್ಲ ಬಂತು.

ಡಾಕ್ಟರಮ್ಮ ಬಟ್ಟೆಯ ದಾರ ಹಿಡಿದು ಎಳೆಯಲು ಹೊರಟಾಗ ನನಗೆ ಏನು ಬುದ್ಧಿ ಬಂತೋ ಗೊತ್ತಿಲ್ಲ. ಬಟ್ಟೆ ಕೆಳಗೆ ಬಿದ್ದು, ದೀಪಗಳು ಝಗ್ಗೆಂದು ಹತ್ತಿ, ಮಂದಿ ಹೋ ಎನ್ನುವ ಹೊತ್ತಿಗೆ ನಾನು ಹೋಗಿ ಮೊದಲನೆಯ ಅಕ್ಷರದ ಪಕ್ಕದಲ್ಲಿ, ದೀರ್ಘವಿರಬೇಕಾದ ಜಾಗದಲ್ಲಿ, ಸೆಟೆದು ನಿಂತುಬಿಟ್ಟಿದ್ದೆ. ಬಿಳಿ ಅಂಗಿಯ ಮೇಲೆ ದೀಪದ ಬೆಳಕು ಬಿದ್ದಿತ್ತು. ಎತ್ತರವೂ ಸರಿಹೋಗಿತ್ತು. ಯಾರಿಗೂ ಏನೂ ಗೊತ್ತಾಗಲಿಲ್ಲ. ಮಾಸ್ತರು ಗೆದ್ದ ಖುಷಿಯಲ್ಲಿ ಅಕ್ಷರದ ಪಕ್ಕ ನಿಂತಿದ್ದಾರೆ ಎಂದು ಎಲ್ಲರೂ ಚಪ್ಪಾಳೆ ಹೊಡೆದರು.

ಆಮೇಲೆ ಶುರುವಾಯಿತು ಫೋಟೊ. ಒಂದು ಮನೆಯವರು ಬಂದರು, ಇನ್ನೊಂದು ಮನೆಯವರು ಬಂದರು, ಬಾಣಂತಿಯರು ಬಂದರು, ಕುಸ್ತಿಯವರು ಬಂದರು, ಹುಕ್ಕೇರಿಯಿಂದ ಬಂದ ಭಜನಾ ಮಂಡಳಿಯವರು ತಾಳ ಹಿಡಿದುಕೊಂಡೇ ಬಂದರು. ಎಲ್ಲರ ಜೊತೆಗೂ ನಾನು. "ಮಾಸ್ತರ, ಸ್ವಲ್ಪ ಸರೀರಿ, ನಮ್ಮ ಮನಿ ಮಂದಿಯಷ್ಟ ತಗೋತೇವಿ" ಎಂದು ಈರಪ್ಪಣ್ಣ ತಮ್ಮ ದೊಡ್ಡ ಪರಿವಾರದ ಜೊತೆ ಬಂದು ನಿಂತರು. ಸರಿದರೆ ನನ್ನ ಮಾನ ಹೋಗುತ್ತದೆ. "ನಾನೂ ನಿಮ್ಮ ಮನಿ ಮನಿಷ್ಯಾನ ಅಲ್ರೀ ಈರಪ್ಪಣ್ಣ?" ಎಂದುಬಿಟ್ಟೆ. ಈರಪ್ಪಣ್ಣ ಒಂದು ಕ್ಷಣ ನನ್ನನ್ನು ನೋಡಿದರು. ಅವರ ಕಣ್ಣು ತುಂಬಿ ಬಂದವು! "ಮಾಸ್ತರ, ಅಷ್ಟ ಜಗಳಾಡಿದ್ವಿ, ನೀವು ಮನಸಿನ್ಯಾಗ ಇಟಗೊಂಡಿಲ್ಲ ನೋಡ್ರಿ" ಎಂದು ತಬ್ಬಿಕೊಂಡು, ಬಾಯಿಗೆ ಒಂದು ದೊಡ್ಡ ಕರದಂಟಿನ ತುಂಡು ತುರುಕಿದರು. ಅಗಿಯುತ್ತ ನಿಂತೆ. ನಾಚಿಕೆಯೂ ಆಯಿತು, ಸಂತೋಷವೂ ಆಯಿತು, ಕರದಂಟು ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಗಂಗಕ್ಕ ಮೂಡಲಗಿಯಿಂದ ಟೆಂಪೊ ತುಂಬ ಮಂದಿ ಕರೆದುಕೊಂಡು ಬಂದಿದ್ದಳು. ಮಸಗುಪ್ಪಿಯ ಬೀಗರೂ ಇದ್ದರು. "ಈ ಅಕ್ಷರ ಕಬ್ಬಿಣದ್ದೋ, ಕಟ್ಟಿಗೀದೋ?" ಎಂದು ಬೆರಳಿನಿಂದ ಬಡಿದು ನೋಡಿ, ಖಾತ್ರಿಯಾದ ಮೇಲೆಯೇ ಒರಗಿ ನಿಂತರು.

ಎರಡು ತಾಸಾಯಿತು. ಸೊಂಟ ಪದ ಹೇಳತೊಡಗಿತು. ಆಗ ಸುವರ್ಣಾ ಬಂದಳು. ತವರಿನಿಂದ ಬಂದಿದ್ದ ತಂಗಿಯರನ್ನೆಲ್ಲ ಹಿಂದೆ ಬಿಟ್ಟು ಒಬ್ಬಳೇ ಹತ್ತಿರ ಬಂದು, ನನ್ನ ಮುಖ ನೋಡಿದಳು, ನನ್ನ ಬೆನ್ನ ಹಿಂದೆ ಬಗ್ಗಿ ನೋಡಿದಳು, ಅಕ್ಷರಗಳನ್ನು ಎಡದಿಂದ ಬಲಕ್ಕೆ ಓದಿದಳು. ಇಪ್ಪತ್ತೆಂಟು ವರ್ಷ ನನ್ನ ಜೊತೆ ಬಾಳಿದವಳು, ಅವಳ ಕಣ್ಣಿಗೂ ತಪ್ಪು ಬೀಳುವ ಅಭ್ಯಾಸವಾಗಿತ್ತು. ಮುಗಿಯಿತು, ಇನ್ನು ಸಂಕೇಶ್ವರದ ತನಕ ಸುದ್ದಿ ಎಂದುಕೊಂಡೆ.

"ಯಾರು ಮಾಡಿದ್ದು?" ಎಂದು ಪಿಸುಗುಟ್ಟಿದಳು.

"ನಾನ."

ಅವಳು ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕುತ್ತಿತ್ತು, ಕಣ್ಣಲ್ಲಿ ನೀರು ಬಂತು. ಆದರೆ ತಂಗಿಯರು "ಏನಾತ ಅಕ್ಕಾ?" ಎಂದು ಕೂಗಿದಾಗ ತಿರುಗಿ, "ಏನಿಲ್ಲ, ನಮ್ಮೂರ ಭಾಳ ಚಂದ ಕಾಣಾಕತ್ತೈತಿ, ಬರ್ರಿ ಫೋಟೊ ತಗೋಳೂಣ" ಎಂದಳು. ನಮ್ಮೂರು! ಇಪ್ಪತ್ತೆಂಟು ವರ್ಷಕ್ಕೆ ಮೊದಲ ಸಲ ಆ ಮಾತು ಗೋಕಾಕಕ್ಕೆ ಬಂದಿತ್ತು. ಅವಳು ನನ್ನ ಬಲಗೈ ಹಿಡಿದು ಸೊಂಟದ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಹಿಂಗ ನಿಂದರ್ರಿ. ಈಗ ದೀರ್ಘ ಬರೋಬ್ಬರಿ ಆತು" ಎಂದಳು. ಯಾರೋ ಕುರ್ಚಿ ತಂದು ಕೊಟ್ಟರು. "ಒಂದೈದ ಮಿನಿಟ ಕುಂಡರ್ರಿ, ಕಾಲ ಸೋತಿರತಾವು" ಎಂದಳು. "ಕುಂತರ ಹ್ರಸ್ವ ಆಗತೈತಿ" ಎಂದೆ. ಅವಳು ಮತ್ತೆ ಸೆರಗು ಬಾಯಿಗೊತ್ತಿಕೊಂಡಳು. ಆಮೇಲೆ ತಾನೇ ಚಹ ತಂದು, ನಿಂತವನಿಗೆ ನಿಂತಲ್ಲೇ ಕುಡಿಸಿದಳು. ದೀಪ ಆರಿಸುವ ತನಕ ನಾನು ಅಲ್ಲಿಂದ ಕದಲಲಿಲ್ಲ.

ಮರುದಿನ ಬೆಳಗಾಗುವುದರೊಳಗೆ ಇಮಾಮಸಾಬ ಮಾತಿನಂತೆ ದೀರ್ಘ ತಂದು ಗಟ್ಟಿಯಾಗಿ ಅಂಟಿಸಿದ. ಅಷ್ಟರಲ್ಲಿ ಮೂರೂ ತಾಲೂಕುಗಳ ಫೋನುಗಳಲ್ಲಿ ನನ್ನ ಫೋಟೊ ಓಡಾಡುತ್ತಿತ್ತು. ಎಲ್ಲ ಮನೆಗಳ ಸಂಸಾರದ ಜೊತೆಗೂ, ಫೋಟೊದ ಎಡತುದಿಯಲ್ಲಿ, ಕೈ ಸೊಂಟಕ್ಕಿಟ್ಟು ನಿಂತ ಒಬ್ಬ ಬೋಳುತಲೆಯವನು. ಊರಿನಲ್ಲಿ ನನ್ನದೊಂದು ತಿದ್ದುಪಡಿ ನಿಲ್ಲಬೇಕೆಂದಿದ್ದೆನಲ್ಲ, ಒಂದು ಸಂಜೆಯ ಮಟ್ಟಿಗೆ ನಾನೇ ನಿಂತಿದ್ದೆ. ಎರಡನೆಯ ದಿನ ಸಂಜೆ, ಸುವರ್ಣಾಳನ್ನು ಕರೆದುಕೊಂಡು ನೆಮ್ಮದಿಯಿಂದ ಚೌಕಕ್ಕೆ ಹೋದೆ. ಗೋಕಾಕ. ದೀರ್ಘಕ್ಕೆ ದೀರ್ಘ, ಪೂರ್ತಿಗೆ ಪೂರ್ತಿ, ಒಂದು ಚುಕ್ಕೆಯೂ ಆಚೀಚೆ ಇಲ್ಲ. ಅಭಿಮಾನದಿಂದ ಹತ್ತಿರ ಹೋಗಿ ಮೊದಲನೆಯ ಅಕ್ಷರದ ಪಕ್ಕದಲ್ಲಿ, ಅಭ್ಯಾಸಬಲವೋ ಏನ್ ಸುಡುಗಾಡೋ, ಕೈ ಸೊಂಟಕ್ಕಿಟ್ಟು ನಿಂತೆ. ಎದುರಿಗೆ ಫೋನು ಹಿಡಿದು ಫೋಟೊ ತೆಗೆಯುತ್ತಿದ್ದ ಒಬ್ಬ ಹೆಣ್ಣುಮಗಳು, ಯಾವ ಊರಿನವಳೋ, ಕೈಬೀಸಿ ಕೂಗಿದಳು: "ಕಾಕಾ, ಸ್ವಲ್ಪ ಬಾಜೂಕ ಸರೀರಿ. ನೀವು ನಿಂತರ ಅಕ್ಷರ ತಪ್ಪ ಕಾಣಾಕತ್ತೈತಿ."

ಪಕ್ಕಕ್ಕೆ ಸರಿದೆ.